ಡೆಂಗಿ ಕಾಲದಲ್ಲಿ ಲ್ಯುಕೇಮಿಯಾ ಹುಡುಕುವುದು

ಮಡಿಕೇರಿಯ ಒಂದು ಸಣ್ಣ ಲ್ಯಾಬ್‌ನಲ್ಲಿ ನಾನು ಪೆಥಾಲಜಿಸ್ಟ್. ಮಳೆಗಾಲದಲ್ಲಿ ತೋಟದ ಲೈನ್‌ಮನೆಗಳಿಂದ ಜ್ವರದವರು ಸಾಲಾಗಿ ಬರುತ್ತಾರೆ. ಪ್ಲೇಟ್‌ಲೆಟ್ ಕಡಿಮೆ ಅಂದರೆ ಸಾಕು, ಡೆಂಗಿ ಅಂತ ಮನೆಯವರೇ ತೀರ್ಮಾನ ಮಾಡಿರುತ್ತಾರೆ. ನಾನು ಜೊತೆಗೆ ಹಿಮೋಗ್ಲೋಬಿನ್ ನೋಡುತ್ತೇನೆ. ಡೆಂಗಿ ಜೋರಾದಾಗ ರಕ್ತದ ನೀರಂಶ ಸೋರಿ ರಕ್ತ ಗಟ್ಟಿಯಾಗುತ್ತದೆ. ಹಾಗಾಗಿ ಹಿಮೋಗ್ಲೋಬಿನ್ ಏರಬಹುದು, ಇಳಿಯುವುದು ಕಡಿಮೆ. ರಕ್ತಹೀನತೆ ನಮ್ಮಲ್ಲಿ ಅಪರೂಪವೇನಲ್ಲ, ನಿಜ. ಆದರೂ ಪ್ಲೇಟ್‌ಲೆಟ್, ಹಿಮೋಗ್ಲೋಬಿನ್ ಎರಡೂ ಒಟ್ಟಿಗೆ ಇಳಿದಿದ್ದರೆ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಇರಬಹುದೇ ಅಂತ ಅನುಮಾನ; ಸ್ಲೈಡ್ ನೋಡದೆ ರಿಪೋರ್ಟ್ ಬಿಡುವುದಿಲ್ಲ.

ಮಷಿನ್ ಮೇಲೆ ನನಗೆ ಸಿಟ್ಟಿಲ್ಲ. ಎಣಿಸುವ ಕೆಲಸ ಅದು ಚೆನ್ನಾಗಿಯೇ ಮಾಡುತ್ತದೆ. ಆದರೆ ಲ್ಯುಕೇಮಿಯಾದಲ್ಲಿ ಕಾಣುವ ಎಳೆ ಕಣಗಳಾದ ಬ್ಲಾಸ್ಟ್‌ಗಳನ್ನು ಎಷ್ಟೋ ಸಲ ಮಾಮೂಲಿ ಬಿಳಿ ಕಣಗಳಾದ ಲಿಂಫೋಸೈಟ್ ಅಥವಾ ಮೋನೋಸೈಟ್ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಡೆಂಗಿಯಲ್ಲೂ ಲಿಂಫೋಸೈಟ್‌ಗಳು ಊದಿಕೊಂಡು ಬ್ಲಾಸ್ಟ್ ತರಹ ಕಾಣುತ್ತವೆ. ಸ್ಲೈಡ್ ಚೆನ್ನಾಗಿ ಬಂದರೆ ಮಾತ್ರ ವ್ಯತ್ಯಾಸ ಹೇಳಬಹುದು. ನಮ್ಮ ಜುಲೈ ಮಳೆಯಲ್ಲಿ ಅದೇ ದೊಡ್ಡ ತಲೆನೋವು. ಕಣಗಳಿಗೆ ಬಣ್ಣ ಕೊಡುವ ಲೀಶ್‌ಮನ್ ಸ್ಟೇನ್‌ನಲ್ಲಿರುವ ಮೆಥನಾಲ್ ಗಾಳಿಯ ತೇವ ಹೀರಿಕೊಂಡರೆ ಕೆಂಪು ಕಣಗಳ ಮೇಲೆ ಹೊಳೆಯುವ ಗುಳ್ಳೆಗಳು ಕಾಣುತ್ತವೆ. ಅದಕ್ಕೇ ಸ್ಮಿಯರ್ (ಗಾಜಿನ ಮೇಲೆ ರಕ್ತದ ತೆಳು ಪದರ) ಎಳೆದ ತಕ್ಷಣ ಫ್ಯಾನ್ ಗಾಳಿಗೆ ಒಣಗಿಸುತ್ತೇನೆ. ಲೀಶ್‌ಮನ್ ಸ್ಟೇನ್ ಬಾಟಲಿಯ ಮುಚ್ಚಳ ತೆರೆದಿಡುವವರಿಗೆ ನನ್ನ ಬೈಗುಳ ಗ್ಯಾರಂಟಿ.

ಬ್ಲಾಸ್ಟ್ ಅಂದರೆ ಎಲುಬಿನ ಮಜ್ಜೆಯೊಳಗೇ ಬಲಿಯಬೇಕಿದ್ದ ಎಳೆ ಕಣ. ಸಾಮಾನ್ಯವಾಗಿ ಅದು ರಕ್ತದಲ್ಲಿ ಕಾಣಿಸಬಾರದು. ‘ಬಿಳಿ ಕಣ ಜಾಸ್ತಿಯಾದರೆ ಉಳಿದದ್ದು ಯಾಕೆ ಕಮ್ಮಿ ಡಾಕ್ಟ್ರೇ?’ ಅಂತ ಮನೆಯವರು ಕೇಳುತ್ತಾರೆ. ತೋಟ ತುಂಬ ಕಳೆ ಎದ್ದರೆ ಕಾಫಿ ಗಿಡಕ್ಕೆ ಜಾಗ ಎಲ್ಲಿ ಅಂತ ಕೇಳುತ್ತೇನೆ. ಇಲ್ಲಿಯವರಿಗೆ ಅಷ್ಟು ಸಾಕು.

ಲ್ಯುಕೇಮಿಯಾ ಅಂತಾದ ಮೇಲೆ ಎರಡು ಪ್ರಶ್ನೆ. ಕಾಯಿಲೆ ಅವಸರದ್ದೋ, ನಿಧಾನದ್ದೋ? ಕಣ ಲಿಂಫಾಯ್ಡ್ ಜಾತಿಯದೋ (ಲಿಂಫೋಸೈಟ್ ಆಗುವ ಕವಲು), ಮೈಲಾಯ್ಡ್ ಜಾತಿಯದೋ (ಮಿಕ್ಕ ರಕ್ತಕಣಗಳ ಕವಲು)? ನಾಲ್ಕು ಮುಖ್ಯ ವಿಧಗಳು ಇದರಿಂದಲೇ ಹುಟ್ಟುತ್ತವೆ. ಖಚಿತ ಉತ್ತರಕ್ಕೆ ಮಜ್ಜೆಯ ಪರೀಕ್ಷೆ, ಕಣದ ಗುರುತು ಓದುವ ಫ್ಲೋ ಸೈಟೋಮೆಟ್ರಿ ಬೇಕು. ಅದಕ್ಕೆ ಮೈಸೂರು ಅಥವಾ ಬೆಂಗಳೂರಿಗೆ ಕಳಿಸುತ್ತೇವೆ.

ಮಕ್ಕಳಲ್ಲಿ ಹೆಚ್ಚಾಗಿ ಎಎಲ್ಎಲ್, ಅಂದರೆ ಅವಸರದ ಲಿಂಫಾಯ್ಡ್. ಬಿಡದ ಜ್ವರ, ಬಿಳಿಚಿದ ಮುಖ, ಕಾಲುನೋವು. ಮಗು ನಡೆಯದೆ ಹಟ ಮಾಡುತ್ತದೆ ಅಂತ ಬೈಸಿಕೊಂಡಿರುತ್ತದೆ, ಪಾಪ. ಇಂಥ ಮಗುವಿಗೆ ಪರೀಕ್ಷೆಗೆ ಮುಂಚೆ ಸುಮ್ನೆ ಸ್ಟೆರಾಯ್ಡ್ ಕೊಡಬೇಡಿ ಅಂತ ಸುತ್ತಲಿನ ಡಾಕ್ಟರುಗಳಿಗೆ ಹೇಳುತ್ತಲೇ ಇರುತ್ತೇನೆ. ಬ್ಲಾಸ್ಟ್‌ಗಳು ತಾತ್ಕಾಲಿಕವಾಗಿ ಕರಗಿ ಕಾಯಿಲೆ ಮರೆಯಾಗುತ್ತದೆ. ಸರಿಯಾದ ಚಿಕಿತ್ಸೆ ಪೂರ್ತಿ ತೆಗೆದುಕೊಂಡರೆ ಹೆಚ್ಚಿನ ಮಕ್ಕಳು ಗುಣವಾಗುವ ಕಾಯಿಲೆ ಇದು.

ಎಎಂಎಲ್, ಅಂದರೆ ಅವಸರದ ಮೈಲಾಯ್ಡ್, ದೊಡ್ಡವರಲ್ಲಿ ಜಾಸ್ತಿ. ಅದರಲ್ಲೊಂದು ಬಗೆ ಎಪಿಎಲ್. ವಸಡಲ್ಲಿ ರಕ್ತ, ಮೈಮೇಲೆ ನೀಲಿ ಕಲೆ, ಸ್ಲೈಡಿನಲ್ಲಿ ಕಡ್ಡಿಗಳ ಕಟ್ಟು ತುಂಬಿದ ಕಣಗಳು ಕಂಡರೆ ರಿಪೋರ್ಟ್ ಟೈಪಾಗುವವರೆಗೆ ಕಾಯುವುದಿಲ್ಲ, ಡಾಕ್ಟರಿಗೆ ಫೋನ್ ಮಾಡುತ್ತೇನೆ. ಇದರಲ್ಲಿ ರಕ್ತಸ್ರಾವವೇ ಮೊದಲು ಜೀವ ತೆಗೆಯುತ್ತದೆ. ಎಟಿಆರ್‌ಎ ಮಾತ್ರೆ ಬೇಗ ಶುರುವಾದರೆ ಚೆನ್ನಾಗಿ ಗುಣವಾಗುವುದೂ ಇದೇ.

ಸಿಎಂಎಲ್, ಅಂದರೆ ನಿಧಾನದ ಮೈಲಾಯ್ಡ್, ಬೇರೆಯೇ ಕಥೆ. ಹೊಟ್ಟೆಯ ಎಡಗಡೆ ಭಾರ ಅಂತ ಬರುತ್ತಾರೆ, ಗುಲ್ಮ ಊದಿರುತ್ತದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 4,000ದಿಂದ 11,000 ಇರಬೇಕಾದ ಬಿಳಿ ಕಣ ಲಕ್ಷ ದಾಟಿದ್ದರೂ ಮನುಷ್ಯ ಓಡಾಡಿಕೊಂಡೇ ಇರುತ್ತಾನೆ! ಇದರ ಹಿಂದಿನ ದೋಷ, ಫಿಲಡೆಲ್ಫಿಯಾ ಎಂಬ ಬದಲಾದ ಕ್ರೋಮೋಸೋಮ್, 1960ರಲ್ಲಿ ಪತ್ತೆಯಾಯಿತು. 2001ರಲ್ಲಿ ಈ ಕಾಯಿಲೆಯ ಇಮಾಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ದಿನಾ ಮಾತ್ರೆ ನುಂಗಿ ತೋಟದ ಕೆಲಸಕ್ಕೆ ಹೋಗುವವರಿದ್ದಾರೆ. ಆರಾಮಾಯ್ತು ಅಂತ ತಾವೇ ನಿಲ್ಲಿಸುವುದೇ ಇಲ್ಲಿನ ಅಪಾಯ.

ಸಿಎಲ್ಎಲ್, ಅಂದರೆ ನಿಧಾನದ ಲಿಂಫಾಯ್ಡ್, ವಯಸ್ಸಾದವರದು, ನಮ್ಮ ದೇಶದಲ್ಲಿ ಕಡಿಮೆ. ಹೆಚ್ಚಾಗಿ ಬೇರೆ ಯಾವುದಕ್ಕೋ ರಕ್ತ ಕೊಟ್ಟಾಗ ಸಿಗುತ್ತದೆ. ಕೆಲವರಿಗೆ ವರ್ಷಗಟ್ಟಲೆ ಔಷಧಿಯೇ ಬೇಡ, ಆಗಾಗ ರಕ್ತ ನೋಡುತ್ತಿದ್ದರೆ ಸಾಕು. ಇದನ್ನು ಒಪ್ಪಿಸುವುದೇ ಕಷ್ಟ. ‘ಕ್ಯಾನ್ಸರ್ ಅಂತೀರಿ, ಔಷಧಿ ಬೇಡ ಅಂತೀರಿ’ ಅಂತ ಮಗ ಜಗಳಕ್ಕೆ ನಿಲ್ಲುತ್ತಾನೆ, ಅಜ್ಜ ಮಾತ್ರ ಚೀಟಿ ಮಡಚಿ ಜೇಬಿಗಿಟ್ಟು ಬಸ್ಸಿನ ಟೈಮ್ ಕೇಳುತ್ತಾರೆ.