ಮಕ್ಕಳ ಯೂರಾಲಜಿ ಫೆಲೋಶಿಪ್ ಮಾಡಬೇಕಾ, ಬೇಡವಾ: ನಾನು ತೀರ್ಮಾನಿಸಿದ ಬಗೆ

ಯೂರಾಲಜಿ (ಮೂತ್ರದ ಅಂಗಗಳು ಮತ್ತು ಗಂಡಸರ ಜನನಾಂಗದ ಚಿಕಿತ್ಸೆ) ತರಬೇತಿ ಮುಗಿಯುತ್ತಾ ಬಂದಾಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಮುಂದೇನು? ಮಕ್ಕಳ ಯೂರಾಲಜಿ ನನಗೆ ಇಷ್ಟ ಅಂತ ಮೊದಲೇ ಗೊತ್ತಿತ್ತು. ಆದರೆ ಅದಕ್ಕೋಸ್ಕರ ಫೆಲೋಶಿಪ್ ಅನ್ನುವ ಹೆಚ್ಚುವರಿ ತರಬೇತಿಗೆ ಸೇರಿ, ಮತ್ತೆ ವರ್ಷಗಟ್ಟಲೆ ಕಡಿಮೆ ಸಂಬಳದಲ್ಲಿ ರಾತ್ರಿ ಡ್ಯೂಟಿ ಮಾಡಿ, ಆಮೇಲೆ ಜೀವನಪೂರ್ತಿ ಅದನ್ನೇ ಮಾಡುವುದು ಬೇರೆಯೇ ಮಾತು. "ಮಕ್ಕಳು ಅಂದ್ರೆ ನಿಂಗೆ ಇಷ್ಟ ಅಲ್ವಾ, ಮಾಡು" ಅಂದವರು ಬಹಳ ಜನ. ಅದೊಂದು ಕಾರಣವೇ ಅಲ್ಲ. ಮಕ್ಕಳು ಅಷ್ಟು ಇಷ್ಟ ಆದರೆ ಅಕ್ಕನ ಮಗುವನ್ನು ಎತ್ತಿಕೊಂಡು ಓಡಾಡಬಹುದು.

ನನ್ನನ್ನು ಸೆಳೆದದ್ದು ಹೈಪೋಸ್ಪೇಡಿಯಸ್. ಮೂತ್ರದ ರಂಧ್ರ ಶಿಶ್ನದ ತುದಿಯಲ್ಲಿ ಇರುವ ಬದಲು ಕೆಳಮೈಯಲ್ಲಿ ಇರುತ್ತದೆ. ಸುಮಾರು 200ರಿಂದ 300 ಗಂಡುಮಕ್ಕಳಲ್ಲಿ ಒಬ್ಬರಿಗೆ ಇದು ಇರುತ್ತದೆ, ಸಾಮಾನ್ಯವಾಗಿ 6ರಿಂದ 18 ತಿಂಗಳ ಒಳಗೆ ಸರಿಪಡಿಸುತ್ತಾರೆ. ಸ್ನಾಡ್‌ಗ್ರಾಸ್ ಎಂಬ ಸರ್ಜನ್ 1994ರಲ್ಲಿ ವಿವರಿಸಿದ ವಿಧಾನವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತಿರುತ್ತದೆ: ಕಣ್ಣಿಗೆ ಲೂಪ್ಸ್ ಅನ್ನುವ ಭೂತಗನ್ನಡಿ, ಕೈಯಲ್ಲಿ ಕೂದಲೆಳೆಯಷ್ಟು ಸಣ್ಣ 7-0 ದಾರ, ಮೂತ್ರನಾಳದ ಪಟ್ಟಿಯ ನಡುವೆ ಉದ್ದಕ್ಕೆ ಒಂದು ಗೀರು, ಆಗ ಅದು ಅಗಲವಾಗುತ್ತದೆ, ಅದನ್ನು ಸಣ್ಣ ಕೊಳವೆಯ ಸುತ್ತ ಸುತ್ತಿ ಹೊಲಿಯುವುದು, ಮೇಲೆ ಇನ್ನೊಂದು ಪದರ ಹೊದಿಸುವುದು. ಇಡೀ ಕೆಲಸ ನಡೆಯುವುದು ಹೆಬ್ಬೆರಳಿನಷ್ಟು ಜಾಗದಲ್ಲಿ. ಓಟಿಯಲ್ಲಿ (ಆಪರೇಷನ್ ಥಿಯೇಟರ್) ಇದನ್ನು ನೋಡಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ.

ಆದರೆ ಓಟಿ ನೋಡಿ ತೀರ್ಮಾನ ಮಾಡಬಾರದು ಅಂತ ನಿರ್ಧರಿಸಿದೆ. ಬಿಡುವು ಸಿಕ್ಕಾಗಲೆಲ್ಲ ಮಕ್ಕಳ ಯೂರಾಲಜಿ ಓಪಿಡಿಯಲ್ಲಿ ಹೋಗಿ ಸುಮ್ನೆ ಕೂತೆ. ಅಲ್ಲಿ ಬರುವುದು ಏನು ಗೊತ್ತಾ? ಹಾಸಿಗೆ ಒದ್ದೆ ಮಾಡುವ ಮಕ್ಕಳು, ಮಲಬದ್ಧತೆಯಿಂದಾಗಿ ಪದೇಪದೇ ಮೂತ್ರದ ಸೋಂಕು ಆಗುವ ಮಕ್ಕಳು, ಗರ್ಭದಲ್ಲೇ ಸ್ಕ್ಯಾನ್‌ನಲ್ಲಿ ಕಿಡ್ನಿ ಊದಿದೆ ಅಂತ ಗೊತ್ತಾದ ಕೂಸುಗಳು. ಐದು ವರ್ಷದ ಮಕ್ಕಳಲ್ಲಿ ಸುಮಾರು 15 ಪರ್ಸೆಂಟ್ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾರೆ, ಪ್ರತಿ ವರ್ಷ ಅವರಲ್ಲಿ ಸುಮಾರು 15 ಪರ್ಸೆಂಟ್ ಮಕ್ಕಳಿಗೆ ತಾನಾಗಿಯೇ ನಿಲ್ಲುತ್ತದೆ. ಕಿಡ್ನಿ ಊದಿದ ಕೂಸುಗಳಲ್ಲೂ ಹೆಚ್ಚಿನವಕ್ಕೆ ಆಪರೇಷನ್ ಬೇಕಾಗುವುದಿಲ್ಲ. ಅಂದರೆ ದಿನದ ಬಹುಪಾಲು ಕೆಲಸ ಮಾತಾಡುವುದು, ಕಾಯುವುದು, ಮತ್ತೆ ಸ್ಕ್ಯಾನ್ ಮಾಡಿಸುವುದು.

ಒಂದು ದಿನ ಬೀಜ (ವೃಷಣ) ಕೆಳಗೆ ಇಳಿದಿಲ್ಲ ಅಂತ ಕಳಿಸಿದ್ದ ಒಬ್ಬ ಹುಡುಗ ಬಂದ. ಸೀನಿಯರ್ ಸರ್ ಅವನನ್ನು ಚಕ್ಕಳಮಕ್ಕಳ ಹಾಕಿ ಕೂರಿಸಿದರು, ತಮ್ಮ ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡರು, ತೊಡೆಸಂದಿಯಿಂದ ನಿಧಾನವಾಗಿ ಸವರಿಕೊಂಡು ಬಂದರು. ಬೀಜ ಕೆಳಗೆ ಇಳಿದು ಚೀಲದಲ್ಲೇ ನಿಂತಿತು. ಆಪರೇಷನ್ ಬೇಡ, ವರ್ಷಕ್ಕೊಮ್ಮೆ ತೋರಿಸಿ ಅಂದರು. ಅಪ್ಪ ಅಮ್ಮನ ಮುಖ ನೋಡಬೇಕಿತ್ತು. ನನಗೆ ಅದು ಓಟಿಯಷ್ಟೇ ಖುಷಿ ಕೊಟ್ಟಿತು, ಬೇಜಾರಾಗಲಿಲ್ಲ. ನನ್ನ ಜೊತೆ ಕೂತಿದ್ದ ಗೆಳೆಯ ಆಕಳಿಸುತ್ತಿದ್ದ, ಅವನು ಈಗ ಕಿಡ್ನಿ ಕಲ್ಲು ತೆಗೆಯುತ್ತಾನೆ, ಬಹಳ ಚೆನ್ನಾಗಿ ತೆಗೆಯುತ್ತಾನೆ.

ಎರಡನೇ ವಿಷಯ, ಫಲಿತಾಂಶ. ಕಲ್ಲು ತೆಗೆದರೆ ಸ್ಕ್ಯಾನ್ ನೋಡಿ ಮುಗೀತು ಅನ್ನಬಹುದು. ಹೈಪೋಸ್ಪೇಡಿಯಸ್‌ನಲ್ಲಿ ಹಾಗಿಲ್ಲ. ಹೊಲಿಗೆಯ ಪಕ್ಕ ಸಣ್ಣ ತೂತು ಬಿದ್ದು ಮೂತ್ರ ಸೋರುವುದು ತಿಂಗಳುಗಳ ನಂತರ ಕಾಣಿಸಬಹುದು, ಶಿಶ್ನದ ಬಾಗು ಮರಳಿ ಬಂದದ್ದು ಹುಡುಗ ವಯಸ್ಸಿಗೆ ಬಂದಾಗ ಗೊತ್ತಾಗಬಹುದು. ಸ್ಪೈನಾ ಬೈಫಿಡಾ, ಅಂದರೆ ಹುಟ್ಟುವಾಗಲೇ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದೆ ಮೂತ್ರಕೋಶದ ಹಿಡಿತ ತಪ್ಪಿದ ಮಕ್ಕಳ ಕಥೆ ಇನ್ನೂ ಉದ್ದ. ಲ್ಯಾಪಿಡೆಸ್ ಎಂಬ ಯೂರಾಲಜಿಸ್ಟ್ 1972ರಲ್ಲಿ ತೋರಿಸಿಕೊಟ್ಟ ಹಾಗೆ ದಿನಕ್ಕೆ ಹಲವು ಸಲ ಶುಚಿಯಾಗಿ ಕ್ಯಾತಿಟರ್ (ಸಣ್ಣ ಕೊಳವೆ) ಹಾಕಿ ಮೂತ್ರ ಖಾಲಿ ಮಾಡುವುದು, ಬೇಕಾದರೆ ಮಿಟ್ರೊಫನಾಫ್ ಎಂಬ ಸರ್ಜನ್ 1980ರಲ್ಲಿ ಹೇಳಿದಂತೆ ಅಪೆಂಡಿಕ್ಸನ್ನೇ ದಾರಿ ಮಾಡಿಕೊಂಡು ಹೊಟ್ಟೆಯಿಂದ ಕ್ಯಾತಿಟರ್ ಹಾಕುವುದು, ಮತ್ತೆ ಆ ಮಗು ದೊಡ್ಡವನಾಗಿ ಕೆಲಸಕ್ಕೆ ಸೇರುವವರೆಗೂ ನಿಮ್ಮ ಹತ್ತಿರವೇ ಬರುವುದು. ಇದು ಹೊರೆ ಅನಿಸುತ್ತಾ, ಸಂಬಂಧ ಅನಿಸುತ್ತಾ? ಇದಕ್ಕೆ ಪ್ರಾಮಾಣಿಕ ಉತ್ತರ ಸಿಕ್ಕಿದರೆ ಅರ್ಧ ತೀರ್ಮಾನ ಆದಂತೆ.

ಆಮೇಲೆ ಫೋನು ಮಾಡಿದೆ. ವಿಭಾಗದ ಮುಖ್ಯಸ್ಥರಿಗಲ್ಲ, ಅವರು ಹೇಗೂ ಬಾ ಅಂತಲೇ ಹೇಳುತ್ತಾರೆ. ಫೆಲೋಶಿಪ್ ಮುಗಿಸಿ ಕೆಲವು ವರ್ಷ ಆದವರಿಗೆ ಮಾಡಿದೆ. "ಹೇಗಿದೆ?" ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ, ಅದಕ್ಕೆ "ಹೋದ ವಾರ ಏನೇನು ಮಾಡಿದ್ರಿ ಸರ್?" ಅಂತ ಕೇಳಿದೆ. ಆಗ ನಿಜ ಹೊರಗೆ ಬಂತು. ಕೆಲಸ ಸಿಗುವ ಜಾಗಗಳು ಕಡಿಮೆ, ಯಾಕೆಂದರೆ ಮಕ್ಕಳ ಅನಸ್ತೇಷಿಯಾ, ಮಕ್ಕಳ ನೆಫ್ರಾಲಜಿ (ಕಿಡ್ನಿ ಕಾಯಿಲೆ ವಿಭಾಗ), ಒಳ್ಳೆ ರೇಡಿಯಾಲಜಿ ಇರುವ ದೊಡ್ಡ ಆಸ್ಪತ್ರೆಯೇ ಬೇಕು. ಕೆಲವರು ಪೂರ್ತಿ ಮಕ್ಕಳ ಕೆಲಸ ಸಾಲದೆ ದೊಡ್ಡವರನ್ನೂ ನೋಡುತ್ತಿದ್ದರು. ಬೀಜ ತಿರುಚಿಕೊಂಡ ಹುಡುಗ ರಾತ್ರಿ ಎಷ್ಟು ಹೊತ್ತಿಗೆ ಬಂದರೂ ಎದ್ದು ಓಡಬೇಕು, ಆರು ಗಂಟೆ ದಾಟಿದರೆ ಅದನ್ನು ಉಳಿಸಿಕೊಳ್ಳುವ ಸಾಧ್ಯತೆ ಇಳಿಯುತ್ತಾ ಹೋಗುತ್ತದೆ.

ಒಬ್ಬರು ಮೇಡಂ ಹೇಳಿದ ಮಾತು ನನ್ನ ಲೆಕ್ಕವನ್ನೇ ಬದಲಿಸಿತು. ಹೈಡ್ರೋಸೀಲ್ (ಬೀಜದ ಸುತ್ತ ನೀರು ತುಂಬುವುದು), ಸುನ್ನತಿ, ಕೈಗೆ ಸಿಗುವ ಬೀಜವನ್ನು ಇಳಿಸಿ ಕೂರಿಸುವುದು, ಇವನ್ನೆಲ್ಲ ಸಾಮಾನ್ಯ ಯೂರಾಲಜಿಸ್ಟ್ ಕೂಡ ಮಾಡುತ್ತಾರೆ. ಅದಕ್ಕೆ ಫೆಲೋಶಿಪ್ ಯಾಕೆ? ಫೆಲೋಶಿಪ್ ಬೇಕಾಗುವುದು ಒಮ್ಮೆ ಕೆಟ್ಟ ಹೈಪೋಸ್ಪೇಡಿಯಸನ್ನು ಮತ್ತೆ ಸರಿ ಮಾಡುವುದಕ್ಕೆ, ಹೊಟ್ಟೆಯ ಹೊರಗೆ ತೆರೆದುಕೊಂಡ ಮೂತ್ರಕೋಶಕ್ಕೆ, ಮೂತ್ರನಾಳದಲ್ಲಿ ಮೂತ್ರ ತಡೆಯುವ ಪೊರೆ (ವಾಲ್ವ್) ಇದ್ದು ಕಿಡ್ನಿಯೂ ಹೋಗುತ್ತಿರುವ ಮಗುವಿಗೆ. "ನಿನಗೆ ಆ ಭಾಗ ಬೇಕಾ? ಬೇಡದಿದ್ದರೆ ಈಗಲೇ ಕೆಲಸಕ್ಕೆ ಸೇರು" ಅಂದರು. ಬೇಕು ಅನ್ನುವುದು ಆಗ ನನಗೆ ಸ್ಪಷ್ಟವಾಯಿತು.

ಅರ್ಜಿ ಹಾಕುವ ಮುಂಚೆ ಕೇಂದ್ರಗಳನ್ನು ನೋಡಿದ್ದೂ ಅದೇ ಕಣ್ಣಿನಿಂದ. ರಿಫ್ಲಕ್ಸ್‌ಗೆ (ಮೂತ್ರ ಮೂತ್ರಕೋಶದಿಂದ ಕಿಡ್ನಿ ಕಡೆಗೆ ಹಿಂದಕ್ಕೆ ಹರಿಯುವುದು) ಮಾಡುತ್ತಿದ್ದ ಆಪರೇಷನ್ ಈಗ ಮೊದಲಿನಷ್ಟು ಇಲ್ಲ, ಬಹಳ ಮಕ್ಕಳಲ್ಲಿ ಅದು ತಾನಾಗಿಯೇ ವಾಸಿಯಾಗುತ್ತದೆ. ಹಾಗಾಗಿ ಹಳೇ ಹೆಸರು ನೋಡಿ ಹೋದರೆ ಕೈಗೆ ಕೇಸು ಸಿಗದೆ ಇರಬಹುದು. ಸಂದರ್ಶನದಲ್ಲಿ ನೇರವಾಗಿ ಕೇಳಿದೆ: ಹೈಪೋಸ್ಪೇಡಿಯಸ್‌ನಲ್ಲಿ ಫೆಲೋ ಹೊಲಿಯುತ್ತಾನಾ, ದಾರ ಕತ್ತರಿಸುತ್ತಾನಾ? ಆಪರೇಷನ್ ಕೆಟ್ಟ ಮಕ್ಕಳನ್ನು ಓಪಿಡಿಯಲ್ಲಿ ಯಾರು ನೋಡುತ್ತಾರೆ? ಒಂದು ಕಡೆ ಎರಡನೇ ಪ್ರಶ್ನೆಗೆ ಉತ್ತರ ಸರಿಯಾಗಿ ಬರಲಿಲ್ಲ, ಅದನ್ನು ಪಟ್ಟಿಯಿಂದ ತೆಗೆದೆ. ಇನ್ನೊಂದು ಕಡೆ ಈಗಿದ್ದ ಫೆಲೋನೇ ನನ್ನನ್ನು ಪಕ್ಕಕ್ಕೆ ಕರೆದು ತನ್ನ ಲಾಗ್‌ಬುಕ್ ತೋರಿಸಿದ, ಕೆಟ್ಟ ಕೇಸುಗಳೂ ಅದರಲ್ಲಿ ಇದ್ದವು. ನನ್ನ ಮೊದಲ ಆಯ್ಕೆ ಅಂತ ಬರೆದದ್ದು ಆ ಜಾಗವನ್ನೇ.