ಪಾಪುಗೆ ಜ್ವರ ಬಂದರೆ ಮೊದಲ ಫೋನ್ ಯಾರಿಗೆ?

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ತಿಂಗಳಲ್ಲಿ ಮೂರು ತಾರೀಖು ನನಗೆ ಬಹಳ ಮುಖ್ಯ. 7ಕ್ಕೆ ಟಿಡಿಎಸ್ (ಮೊದಲೇ ಹಿಡಿದುಕೊಂಡ ತೆರಿಗೆ) ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಎರಡೂ ಜಿಎಸ್‌ಟಿ ರಿಟರ್ನ್‌ಗಳು. ಮಕ್ಕಳಿಗೆ ಈ ಕ್ಯಾಲೆಂಡರ್ ಹೇಗೆ ಗೊತ್ತಾಗುತ್ತೋ ಏನೋ, ಜ್ವರ ಬರುವುದು ಸರಿಯಾಗಿ 19ರ ರಾತ್ರಿ.

ಮಗಳು ಹುಟ್ಟಿದ್ದು 2018ರಲ್ಲಿ. ಹಿಂದಿನ ವರ್ಷವಷ್ಟೇ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತ್ತು, ನನಗೂ ಸಿಕ್ಕಿತು. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಿ ಬರಬಹುದು ಅಂತಲೂ ಆ ಕಾನೂನು ತಿದ್ದುಪಡಿಯಲ್ಲಿ ಇತ್ತು. ಆದರೆ ನಮ್ಮಲ್ಲಿ ಗೇಟಿನ ಸೆಕ್ಯುರಿಟಿಯವರನ್ನು ಸೇರಿಸಿದರೂ ಮೂವತ್ತು ಚಿಲ್ಲರೆ ಜನ. ಪೀಣ್ಯದಲ್ಲಿ ಇಂಥ ಸಣ್ಣ ಶೆಡ್‌ಗಳೇ ತುಂಬಿವೆ. ಹಾಗಾಗಿ ಆ ಸಾಲು ಓದಿ ಖುಷಿಪಡುವುದಕ್ಕಷ್ಟೇ ಆಯಿತು.

ಅಮ್ಮ ಅಂಗನವಾಡಿ ಕಾರ್ಯಕರ್ತೆ. ಊರ ಮಕ್ಕಳನ್ನೆಲ್ಲ ನೋಡಿಕೊಳ್ಳುವವರಿಗೆ ಮೊಮ್ಮಗಳನ್ನು ನೋಡಿಕೊಳ್ಳಲು ರಜೆ ಇಲ್ಲ! ಅತ್ತೆಯವರದು ತಿಪಟೂರಿನ ಕಡೆ ತೆಂಗಿನ ತೋಟ, ಎರಡು ಹಸು. ಬಂದಷ್ಟು ದಿನ ಇದ್ದು, "ಹಸು ಹಾಲು ಕರೆಯೋರು ಯಾರಮ್ಮ?" ಅಂತ ಹೊರಟರು. ಕೆಲಸ ಬಿಡು ಅಂತ ನೆಂಟರೆಲ್ಲ ಹೇಳುತ್ತಿದ್ದಾಗ ಹೇಳದೇ ಇದ್ದವರು ಅವರೊಬ್ಬರೇ. "ನಾನು ಹೊಲದ ಬದುವಲ್ಲಿ ಮರಕ್ಕೆ ಸೀರೆ ಜೋಲಿ ಕಟ್ಟಿ ಮಲಗಿಸ್ತಿದ್ದೆ. ಕಳೆ ಕೀಳೋದು ಬಿಟ್ಟು ಮಗು ಮುಂದೆ ಕೂತಿದ್ರೆ ಆಗ್ತಿತ್ತಾ?" ಅಂದರು. ಮನೆಯಲ್ಲೇ ಇರುವ ಅಮ್ಮ, ಹೊರಗೆ ದುಡಿಯುವ ಅಮ್ಮ ಅಂತ ಎರಡು ಜಾತಿ ಮಾಡಿ ಜಗಳ ಹಚ್ಚುವವರು ಒಂದು ಸಲ ನಮ್ಮ ಅತ್ತೆ ಹತ್ತಿರ ಮಾತಾಡಬೇಕು.

ಇನ್ನು ದುಡ್ಡಿನ ಲೆಕ್ಕ. ಎಲ್ಲರೂ ನನ್ನ ಸಂಬಳದಿಂದ ಡೇ ಕೇರ್ ಫೀಸು, ಬಸ್ ಖರ್ಚು ಕಳೆದು "ಏನು ಉಳಿಯುತ್ತೆ?" ಅಂತ ಕೇಳುತ್ತಿದ್ದರು. ಮಗು ಇಬ್ಬರದ್ದು, ಫೀಸು ಮಾತ್ರ ನನ್ನ ಸಂಬಳದಿಂದ ಯಾಕೆ? ಇಬ್ಬರ ಸಂಬಳ ಕೂಡಿಸಿ ಕಳೆದರೆ ಲೆಕ್ಕವೇ ಬೇರೆ. ಜೊತೆಗೆ ಪಿಎಫ್ ಇದೆ. 5 ವರ್ಷ ಸರ್ವಿಸ್ ಆದರೆ ಗ್ರ್ಯಾಚುಟಿ (ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು) ಇದೆ, ಹೆರಿಗೆ ರಜೆಯ 26 ವಾರವೂ ಅದರಲ್ಲಿ ಸೇರುತ್ತೆ. ನಾನು ಸೇರಿದ್ದು 2015ರಲ್ಲಿ. ಅಷ್ಟು ಹತ್ತಿರ ಬಂದು ಬಿಡುವುದು ಅಕೌಂಟ್ಸಿನವಳ ಕೈಲಿ ಆಗುವ ಮಾತಲ್ಲ.

ಡೇ ಕೇರ್ ನೋಡಲು ಹೇಳದೇ ಹೋಗುತ್ತಿದ್ದೆ, ಅದೂ ಮಧ್ಯಾಹ್ನ ಮೂರೂವರೆ ಹೊತ್ತಿಗೆ. ಮಕ್ಕಳು ನಿದ್ದೆಯಿಂದ ಏಳುವ ಹೊತ್ತು ಅದು. ಒಂದು ಉಚ್ಚೆ ಮಾಡಿರುತ್ತೆ, ಒಂದು ಅಳುತ್ತಿರುತ್ತೆ, ಇನ್ನೊಂದು ಪಕ್ಕದ ಮಗುವಿನ ಬಾಟಲಿ ಕಿತ್ತುಕೊಂಡಿರುತ್ತೆ. ಆಯಾಗಳು ಹೇಗೆ ಅಂತ ಆಗಲೇ ಗೊತ್ತಾಗೋದು. ಗೋಡೆ ತುಂಬ ಕಾರ್ಟೂನು, ಮೊಬೈಲಿನಲ್ಲೇ ಸಿಸಿಟಿವಿ ಅಂತ ಹೇಳಿದ ಜಾಗದಲ್ಲಿ ರಿಸೆಪ್ಶನ್ ದಾಟಿ ಒಳಗೆ ಬಿಡಲಿಲ್ಲ. ಅಲ್ಲಿಂದ ಹಾಗೇ ವಾಪಸ್. ಕೊನೆಗೆ ಸೇರಿಸಿದ್ದು ಒಬ್ಬರು ಆಂಟಿ ತಮ್ಮ ಮನೆಯ ಕೆಳಗಿನ ಮಹಡಿಯಲ್ಲಿ ನಡೆಸುತ್ತಿದ್ದ ಕಡೆ. ನಾನು ಹೋದಾಗ ಆಯಾ ಒಂದು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಇನ್ನೊಂದರ ಚಡ್ಡಿ ಬದಲಾಯಿಸುತ್ತಿದ್ದಳು, ಬಾಯಲ್ಲಿ ಏನೋ ಹಾಡು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಎಷ್ಟು ವರ್ಷದಿಂದ ಇದ್ದಾಳೆ ಅಂತ ಕೇಳಿದೆ. ಶುರುವಿನಿಂದಲೂ ಅವಳೇ ಅಂದರು. ಆಯಾ ಪದೇ ಪದೇ ಬದಲಾಗುವ ಕಡೆ ಬೇರೆ ಏನಿದ್ದರೂ ಸುಮ್ನೆ.

ರಾಗಿ ಸರಿಯದ್ದೇ ಒಂದು ಕಥೆ. ಬೆಳಗ್ಗೆ ಕಾಯಿಸಿ ಡಬ್ಬಿಗೆ ಹಾಕಿದರೆ ಮಧ್ಯಾಹ್ನಕ್ಕೆ ಚಾಕುವಿನಲ್ಲಿ ಕತ್ತರಿಸಬೇಕು, ಅಷ್ಟು ಗಟ್ಟಿ. ಅದಕ್ಕೆ ಬಿಸಿನೀರು ಸುರಿದರೆ ಗಂಟು ಗಂಟು. ಹಾಗಾಗಿ ಹಿಟ್ಟನ್ನೇ ಕಳಿಸತೊಡಗಿದೆ. ರಾಗಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು, ಪುಡಿ ಮಾಡಿ ತೆಳು ಬಟ್ಟೆಯಲ್ಲಿ ಜರಡಿ ಹಿಡಿದ ಹಿಟ್ಟು, ಅಮ್ಮ ಮಾಡಿಕೊಟ್ಟದ್ದು. ಮೊದಲು ತಣ್ಣೀರಿನಲ್ಲಿ ಕಲಸಿ, ಆಮೇಲೆ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುಗಿಸಿ ಅಂತ ಆಯಾಗೆ ಒಂದು ಸಲ ಎದುರಿಗೇ ಮಾಡಿ ತೋರಿಸಿದೆ. ಎದೆಹಾಲನ್ನೂ ತೆಗೆದು ಕಳಿಸುತ್ತಿದ್ದೆ. ಹೊರಗೆ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಅಂತ ಡಾಕ್ಟರ್ ಹೇಳಿದ್ದರು. ಒಲೆ ಮೇಲೆ ಇಡಬಾರದು, ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಬೆಚ್ಚಗೆ ಮಾಡಬೇಕು. ಅತ್ತೆಗೆ ಮಾತ್ರ ಇದೊಂದು ಹಿಡಿಸಲಿಲ್ಲ. "ಫ್ರಿಜ್ಜಿನ ಹಾಲಾ!" ಅಂತ ಮೂಗು ಮುರಿದರು.

ಸೇರಿಸುವ ಫಾರಂನಲ್ಲಿ 'ತುರ್ತಿಗೆ ಮೊದಲ ಸಂಪರ್ಕ' ಅಂತ ಇರುತ್ತಲ್ಲ, ಅಲ್ಲಿ ನಮ್ಮನೆಯವರ ನಂಬರ್ ಬರೆದೆ. ಆಂಟಿ ಕನ್ನಡಕ ಏರಿಸಿ ನೋಡಿ, "ತಾಯಿದು ಬರೀರಿ" ಅಂದರು. ಎರಡನೇದು ನನ್ನದೇ ಅಂದೆ. ಇಡೀ ವ್ಯವಸ್ಥೆಯಲ್ಲಿ ನನಗೆ ಜಾಸ್ತಿ ಕೆಲಸಕ್ಕೆ ಬಂದದ್ದು ಇದು. ಡೇ ಕೇರ್, ಅಜ್ಜಿ, ಮನೆಗೆ ಬರುವ ಆಯಾ, ಯಾವುದೇ ಇರಲಿ, ಒಂದಲ್ಲ ಒಂದು ದಿನ ಕೈ ಕೊಡುತ್ತೆ. ಆ ದಿನ ಯಾರು ಎದ್ದು ಬರುತ್ತಾರೆ ಅನ್ನುವುದು ಮೊದಲೇ ತೀರ್ಮಾನ ಆಗಿರಬೇಕು. ನಮ್ಮಲ್ಲಿ ತಿಂಗಳ ಮೊದಲ 20 ದಿನ ನಮ್ಮನೆಯವರ ಪಾಳಿ, ಉಳಿದದ್ದು ನನ್ನದು. ಅವರ ಆಫೀಸಿನಲ್ಲಿ "ಹೆಂಡತಿ ಇಲ್ವಾ?" ಅಂತ ಕೇಳಿದವರೂ ಇದ್ದಾರೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಡೇ ಕೇರ್ ಬಾಗಿಲು ಹಾಕಿತು. ಇಯರ್ ಎಂಡ್ ಬೇರೆ. ಕೆಲವು ತಿಂಗಳು ಮಗುವನ್ನು ತೊಡೆ ಮೇಲೆ ಇಟ್ಟುಕೊಂಡು ಟ್ಯಾಲಿಯಲ್ಲಿ (ಲೆಕ್ಕದ ಸಾಫ್ಟ್‌ವೇರ್) ಎಂಟ್ರಿ ಮಾಡಿ, ಆಮೇಲೆ ಕೆಲಸ ಬಿಟ್ಟೆ. 5 ವರ್ಷ ತುಂಬಿತ್ತು, ಗ್ರ್ಯಾಚುಟಿ ಬಂತು. ಎರಡು ವರ್ಷ ಮನೆಯಲ್ಲಿದ್ದೆ. ಮಗಳ ಜೊತೆ ಚೆನ್ನಾಗಿಯೇ ಇತ್ತು, ಇಲ್ಲ ಅನ್ನಲ್ಲ. ಕಷ್ಟ ಆಗಿದ್ದು "ನೀವು ಮನೇಲೇ ಇರ್ತೀರಲ್ಲ" ಅನ್ನುವ ಮಾತು. ಇಡೀ ಬಿಲ್ಡಿಂಗಿನ ಪಾರ್ಸೆಲ್ಲು, ಗ್ಯಾಸ್ ಸಿಲಿಂಡರು ನಮ್ಮನೆ ಬಾಗಿಲಲ್ಲೇ ಇಳಿಯುತ್ತಿದ್ದವು. ಬೀದಿಯ ಎರಡು ಮೂರು ಅಂಗಡಿಗಳಿಗೆ ಜಿಎಸ್‌ಟಿ ಫೈಲ್ ಮಾಡಿಕೊಡುತ್ತಿದ್ದೆ. ದುಡ್ಡು ಸ್ವಲ್ಪವೇ, ಆದರೆ 2022ರಲ್ಲಿ ಹಳೇ ಕಾರ್ಖಾನೆಯವರೇ ಮತ್ತೆ ಕರೆದಾಗ ಕೈ ತಪ್ಪಿರಲಿಲ್ಲ.

ಊರಲ್ಲಿ ನನ್ನ ಓರಗಿತ್ತಿ ನರೇಗಾ ಕೆಲಸಕ್ಕೆ ಹೋಗುತ್ತಾಳೆ. ಅವಳು ಮಗುವನ್ನು ಪಂಚಾಯ್ತಿಯ ಕೂಸಿನ ಮನೆಯಲ್ಲಿ ಬಿಡುತ್ತಾಳೆ. 2023ರಲ್ಲಿ ಸರ್ಕಾರ ಶುರು ಮಾಡಿದ್ದು, 3 ವರ್ಷದೊಳಗಿನ ಮಕ್ಕಳಿಗೆ. ಬೆಂಗಳೂರಿನ ನನಗೆ ಸಿಗದ್ದು ಅವಳಿಗೆ ಊರಲ್ಲೇ ಸಿಕ್ಕಿದೆ ನೋಡಿ!

ಮಗಳು ಈಗ ಸ್ಕೂಲಿಗೆ ಹೋಗುತ್ತಾಳೆ. ವ್ಯಾನು ಅವಳನ್ನು ಮಧ್ಯಾಹ್ನ ಅದೇ ಆಂಟಿ ಮನೆಗೆ ಬಿಡುತ್ತೆ, ಆರೂವರೆಗೆ ನಮ್ಮಿಬ್ಬರಲ್ಲಿ ಮೊದಲು ಬಂದವರು ಕರೆದುಕೊಂಡು ಬರುತ್ತೇವೆ. ಬೇಸಿಗೆ ರಜೆ ಮಾತ್ರ ಇನ್ನೂ ಬಗೆಹರಿದಿಲ್ಲ. ಏಪ್ರಿಲ್ ಅಂದರೆ ನಮಗೆ ಪುಸ್ತಕ ಮುಗಿಸುವ ಗಡಿಬಿಡಿ. ಈ ಸಲ ಅರ್ಧ ರಜೆ ತಿಪಟೂರಿನಲ್ಲಿ ಅಂತ ಆಗಿದೆ. ಉಳಿದರ್ಧಕ್ಕೆ ಯಾರು ಎಷ್ಟು ದಿನ ರಜೆ ಹಾಕುವುದು ಅಂತ ಇನ್ನೂ ಚೌಕಾಸಿ ನಡೆದಿದೆ.