ಅಮ್ಮ ಪಕ್ಕದಲ್ಲೇ ಮಲಗಿದ್ರೂ ಆಡ್ಬಹುದಾದ ಪಿಸಿ: ನಾನು ಕಟ್ಟಿದ್ದು ಹಿಂಗೆ

ನಮ್ಮದು ಹೊಸಪೇಟೆ. ಚಿಕ್ಕ ಮನೆ, ಪಿಸಿ ಇರೋದು ಹಾಲಲ್ಲಿ, ಅಮ್ಮ ಮಲಗೋದೂ ಹಾಲಲ್ಲೇ. ನನಗೆ ಆಡೋಕೆ ಟೈಮ್ ಸಿಗೋದು ರಾತ್ರಿ ಹತ್ತರ ಮೇಲೆ. ಹಳೇ ಪಿಸಿಲಿ ಗೇಮ್ ಓಪನ್ ಆಗಿ ಐದು ನಿಮಿಷಕ್ಕೆ ಫ್ಯಾನ್ ಕೂಗೋಕೆ ಶುರು ಮಾಡ್ತಿತ್ತು, ಒಂದಿನ ಅಮ್ಮ ಎದ್ದು ಕೂತು "ಏನಪ್ಪಾ ಅದು, ರಾತ್ರಿಯೆಲ್ಲ ಹಿಟ್ಟಿನ ಗಿರಣಿ ಓಡ್ಸಿದಂಗೆ ಐತಲ್ಲ" ಅಂದ್ರು. ಬೈದಿದ್ದಲ್ಲ, ನಿದ್ದೆ ಬರ್ತಿಲ್ಲ ಅಂತ ಹೇಳಿದ್ದು, ಅದು ನನಗೆ ತುಂಬಾ ಬೇಜಾರಾಯ್ತು. ಹೊಸದು ಕಟ್ಟಿದ್ರೆ ಸದ್ದಿಲ್ದೇ ಇರೋದನ್ನೇ ಕಟ್ಟೋದು ಅಂತ ಅವತ್ತೇ ತೀರ್ಮಾನ ಮಾಡ್ದೆ.

ಸೈಲೆಂಟ್ ಪಿಸಿ ಅಂದ್ರೆ ಎಲ್ರೂ ಮೊದಲು ದುಬಾರಿ ಫ್ಯಾನ್ ಹುಡುಕ್ತಾರೆ, ನಾನೂ ಎರಡು ವಾರ ಅದೇ ನೋಡ್ತಾ ಇದ್ದೆ. ಆಮೇಲೆ ಹೊಳೀತು, ಸದ್ದು ಬರೋದು ಫ್ಯಾನಿಂದ, ಫ್ಯಾನ್ ಓಡೋದು ಬಿಸಿಗೆ, ಬಿಸಿ ಬರೋದು ವ್ಯಾಟಿಂದ, ಹಂಗಾಗಿ ವ್ಯಾಟಿಂದಾನೇ ಲೆಕ್ಕ ಶುರು ಮಾಡ್ಬೇಕು. ಪ್ರೊಸೆಸರ್ ರೈಜನ್ 5 7600 ತಗೊಂಡೆ. ಬಾಕ್ಸ್ ಮೇಲೆ 65 ವ್ಯಾಟ್ ಅಂತಿರುತ್ತೆ, ಫುಲ್ ಲೋಡಲ್ಲಿ 88 ವ್ಯಾಟ್‌ವರೆಗೆ ಎಳ್ಯುತ್ತೆ. ಅದೇ 7600ಎಕ್ಸ್ ಆದ್ರೆ 142ರವರೆಗೂ ಹೋಗುತ್ತೆ, ಗೇಮಲ್ಲಿ ಸಿಗೋ ವ್ಯತ್ಯಾಸ ಮಾತ್ರ ತೀರಾ ಕಮ್ಮಿ. ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 4070, ಅದು 200 ವ್ಯಾಟ್. ಎರಡೂ ಸೇರಿದ್ರೆ ಹಾಲಲ್ಲಿ ನೂರರ ಬಲ್ಬ್ ಮೂರು ಹಚ್ಚಿಟ್ಟಂಗೆ, ಅಷ್ಟನ್ನೇ ಸಮಾಧಾನವಾಗಿ ಹೊರಗೆ ತಳ್ಳೋದು ಕೆಲಸ.

ವಾಟರ್ ಕೂಲಿಂಗ್ ಬೇಡ ಅಂದ್ಕೊಂಡೆ. ಅದ್ರಲ್ಲಿ ಪಂಪ್ ಸುಮ್ನೆ ಇದ್ದಾಗ್ಲೂ ಓಡ್ತಾನೇ ಇರುತ್ತೆ, ರೇಡಿಯೇಟರ್‌ಗೆ ಹೆಂಗೂ ಫ್ಯಾನ್ ಬೇಕೇ ಬೇಕು. ಸ್ನೇಹಿತನ ಪಿಸಿಲಿ ಆ ಪಂಪಿನ ಕಿರ್ರ್ ಅನ್ನೋ ಸದ್ದು ಒಂದ್ಸಲ ಕಿವಿಗೆ ಬಿದ್ಮೇಲೆ ಮರೆಯೋಕೇ ಆಗ್ಲಿಲ್ಲ. 88 ವ್ಯಾಟಿಗೆ ಅದರ ಅವಶ್ಯಕತೆನೂ ಇಲ್ಲ, ಎರಡು ಟವರ್ (ಬಿಸಿ ಹೀರೋ ಲೋಹದ ಪಟ್ಟಿಗಳ ಕಟ್ಟು) ಇರೋ ದೊಡ್ಡ ಏರ್ ಕೂಲರ್ ಧಾರಾಳ ಸಾಕು.

ಎಲ್ಲಾ ಪಾರ್ಟ್ಸ್ ಬೆಂಗಳೂರು ಎಸ್‌ಪಿ ರೋಡಲ್ಲಿ ತಗೊಂಡು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ತಂದೆ, ಕ್ಯಾಬಿನೆಟ್ ಬಾಕ್ಸ್ ಸೀಟಿನ ಕೆಳಗೆ ಹಿಡಿಸ್ದೆ ರಾತ್ರಿಯೆಲ್ಲ ಕಾಲ ಹತ್ರ ಇಟ್ಕೊಂಡು ಕೂತಿದ್ದೆ. ಹೋಗೋ ಮುಂಚೆ ಅಳತೆ ಬರ್ಕೊಂಡಿದ್ದೆ. ಕೂಲರ್ ಎತ್ತರ 155 ಎಂಎಂ, ಕ್ಯಾಬಿನೆಟ್ಟಲ್ಲಿ ಹಿಡಿಸೋದು 160, ಅಂದ್ರೆ 5 ಎಂಎಂ ಉಳಿಯುತ್ತೆ. ಕಾರ್ಡ್ ಉದ್ದಕ್ಕೆ ಕ್ಯಾಬಿನೆಟ್ ಲೆಕ್ಕದಿಂದ ಮುಂದಿನ ಫ್ಯಾನಿನ 25 ಎಂಎಂ ಕಳೀಬೇಕು, ಅದನ್ನೂ ಕಳೆದಿದ್ದೆ. ಎಲ್ಲಾ ಸರಿ ಇದೆ ಅಂತ ಧೈರ್ಯವಾಗಿದ್ದೆ.

ಮನೆಗೆ ಬಂದು ಜೋಡಿಸೋವಾಗ ಸಿಕ್ಕಿಬಿತ್ತು. ರ‍್ಯಾಮ್ ಚೆನ್ನಾಗಿ ಕಾಣುತ್ತೆ ಅಂತ ಲೈಟ್ ಇರೋದು ತಂದಿದ್ದೆ, ಅದರ ಎತ್ತರ 44 ಎಂಎಂ. ಕೂಲರಿನ ಮುಂದಿನ ಫ್ಯಾನ್ ಕೂರೋದು ಸರಿಯಾಗಿ ರ‍್ಯಾಮ್ ಮೇಲೇ. ಫ್ಯಾನಿನ ಕ್ಲಿಪ್ ಬಿಚ್ಚಿ ಸ್ವಲ್ಪ ಮೇಲಕ್ಕೆ ಎತ್ತಿ ಕೂರಿಸ್ದೆ, ಕೂತ್ಕೊಂತು, ಆದ್ರೆ ಸೈಡ್ ಗ್ಲಾಸ್ ಮುಚ್ಚೋಕೆ ಹೋದ್ರೆ ಫ್ಯಾನಿನ ಫ್ರೇಮು ಗ್ಲಾಸಿಗೆ ತಾಗ್ತಾ ಇದೆ, ಒಂದು ಕೈಬೆರಳು ದಪ್ಪದಷ್ಟು ಗ್ಲಾಸ್ ಹೊರಗೇ ಉಳೀತು. ಕೂಲರ್ ಅಳತೆ ನೋಡಿದ್ದೆ, ಕ್ಯಾಬಿನೆಟ್ ನೋಡಿದ್ದೆ, ರ‍್ಯಾಮ್ ಎತ್ತರ ಮಾತ್ರ ನೋಡಿರ್ಲಿಲ್ಲ. ರಾತ್ರಿ ಒಂದು ಗಂಟೆ, ಪಾರ್ಟ್ಸ್ ಎಲ್ಲಾ ನೆಲದ ಮೇಲೆ ಹರಡಿತ್ತು, ಬೆಂಗಳೂರಿಗೆ ವಾಪಸ್ ಹೋಗೋ ಹಂಗಿಲ್ಲ.

ಬೆಳಿಗ್ಗೆ ಎದ್ದು ಮುಂದಿನ ಫ್ಯಾನ್ ಪೂರ್ತಿ ತೆಗೆದೇಬಿಟ್ಟೆ, ಎರಡು ಟವರ್ ಮಧ್ಯದ ಫ್ಯಾನ್ ಒಂದೇ ಉಳಿಸ್ಕೊಂಡೆ. ಟೆಸ್ಟ್ ಮಾಡಿದ್ರೆ ಪ್ರೊಸೆಸರ್ ಬಿಸಿ ಹೆಚ್ಚಾಗಿದ್ದು ಬರೀ 3 ಡಿಗ್ರಿ, ಸದ್ದು ಇನ್ನೂ ಕಮ್ಮಿ ಆಯ್ತು! ಈ ಪ್ರೊಸೆಸರ್‌ಗೆ ಒಂದೇ ಫ್ಯಾನ್ ಸಾಕಾಗಿತ್ತು. ಆದ್ರೂ ನೀವು ತಗೊಳೋದಾದ್ರೆ 33 ಎಂಎಂ ಆಸುಪಾಸಿನ ಲೈಟ್ ಇಲ್ಲದ ಗಿಡ್ಡ ರ‍್ಯಾಮ್ ತಗೊಳಿ. ಡಿಡಿಆರ್5ನಲ್ಲಿ 16 ಜಿಬಿದು ಎರಡೇ ಸ್ಟಿಕ್ ಹಾಕಿ, ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ. ಇನ್ನೊಂದು, ಎಎಂ5 ಬೋರ್ಡ್ (ಈ ಪ್ರೊಸೆಸರ್ ಕೂರೋ ಮದರ್‌ಬೋರ್ಡ್) ಮೊದಲನೇ ಸಲ ಆನ್ ಮಾಡಿದಾಗ ರ‍್ಯಾಮ್ ಟ್ರೇನಿಂಗ್ ಅಂತ ಕೆಲವು ನಿಮಿಷ ಸ್ಕ್ರೀನ್ ಕಪ್ಪಾಗೇ ಇರುತ್ತೆ, ಹೆದರ್ಕೊಂಡು ಸ್ವಿಚ್ ಆಫ್ ಮಾಡ್ಬೇಡಿ.

ಈಗ ಕ್ಯಾಬಿನೆಟ್ ಫ್ಯಾನ್. ಫ್ಯಾನ್ ಸ್ಪೀಡ್ ಅರ್ಧಕ್ಕೆ ಇಳಿಸಿದ್ರೆ ಗಾಳಿನೂ ಅರ್ಧ ಆಗುತ್ತೆ, ಆದ್ರೆ ಸದ್ದು ಹೆಚ್ಚುಕಮ್ಮಿ 15 ಡೆಸಿಬಲ್ ಇಳಿಯುತ್ತೆ. ಅಂಥದ್ದೇ ಇನ್ನೊಂದು ಫ್ಯಾನ್ ಸೇರಿಸಿದ್ರೆ ಏರೋದು 3 ಡೆಸಿಬಲ್ ಮಾತ್ರ. ಅಂದ್ರೆ ಒಂದು ಫ್ಯಾನ್ ಜೋರಾಗಿ ಓಡಿಸೋ ಬದ್ಲು ಎರಡು ನಿಧಾನಕ್ಕೆ ಓಡ್ಸೋದು ಯಾವಾಗ್ಲೂ ಲಾಭ. ನಾನು ಮುಂದೆ 140 ಎಂಎಂದು ಎರಡು, ಹಿಂದೆ 120ದು ಒಂದು ಹಾಕಿದೀನಿ, ಮುಂದೆ ಜಾಲರಿ ಇರೋ ಕ್ಯಾಬಿನೆಟ್. ಮುಂದೆ ಪೂರ್ತಿ ಗ್ಲಾಸ್ ಇರೋದು ನೋಡೋಕೆ ಚಂದ, ಆದ್ರೆ ಫ್ಯಾನ್ ಉಸಿರಾಡೋಕೆ ಜಾಗ ಕಮ್ಮಿ, ಆಗ ಸ್ಪೀಡ್ ಏರಿಸ್ಲೇಬೇಕು. ಹಿಂದಿನ ಫ್ಯಾನ್ ಕ್ಯಾಬಿನೆಟ್ ಜೊತೆ ಬಂದಿದ್ದು, ಅದು 3 ಪಿನ್, ಹಾಕಿದ ತಕ್ಷಣ ಫುಲ್ ಸ್ಪೀಡಲ್ಲಿ ಓಡ್ತಿತ್ತು. ಸ್ಪೀಡ್ ಕಂಟ್ರೋಲ್ ಮಾಡೋಕೆ 4 ಪಿನ್ ಫ್ಯಾನಿಗೆ ಪಿಡಬ್ಲ್ಯೂಎಂ, 3 ಪಿನ್ನಿಗೆ ಡಿಸಿ ಮೋಡ್ ಅಂತ ಬಯಾಸಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ಸ್ ಪುಟ) ಫ್ಯಾನ್ ಚುಚ್ಚೋ ಆ ಹೆಡರ್‌ಗೆ ಬದಲಾಯಿಸ್ಬೇಕು, ಮಾಡಿದ ಮೇಲೆ ಸುಮ್ಮನಾಯ್ತು.

ನನ್ನ ಪ್ರಕಾರ ಜಾಸ್ತಿ ಫಲ ಕೊಟ್ಟಿದ್ದು ಮಾತ್ರ ದುಡ್ಡಿಲ್ದೇ ಮಾಡಿದ ಸೆಟ್ಟಿಂಗ್ಸ್. ರೈಜನ್ ಪ್ರೊಸೆಸರ್ ಒಂದು ಬ್ರೌಸರ್ ಓಪನ್ ಮಾಡಿದ್ರೂ ಒಂದು ಸೆಕೆಂಡಲ್ಲಿ 20 ಡಿಗ್ರಿ ಜಿಗಿಯುತ್ತೆ, ಮತ್ತೆ ಇಳಿಯುತ್ತೆ, ಫ್ಯಾನ್ ಅದ್ರ ಹಿಂದೆನೇ ಗುಯ್ಯ್ ಅಂತ ಏರೋದು ಇಳಿಯೋದು ಮಾಡುತ್ತೆ. ಒಂದೇ ಸಮ ಇರೋ ಸದ್ದಿಗೆ ಕಿವಿ ಹೊಂದ್ಕೊಳುತ್ತೆ, ಈ ಏರಿಳಿತಕ್ಕೆ ಮಲಗಿದ್ದೋರಿಗೆ ಎಚ್ಚರ ಆಗುತ್ತೆ. ಬಯಾಸಲ್ಲಿ ಫ್ಯಾನ್ ಸ್ಟೆಪ್ ಅಪ್ ಟೈಮ್ (ಸ್ಪೀಡ್ ಏರಿಸೋಕೆ ಫ್ಯಾನ್ ತಗೊಳೋ ಸಮಯ) ಇರುತ್ತೆ, ಅದನ್ನ ಆದಷ್ಟು ಜಾಸ್ತಿ ಮಾಡಿ, 65 ಡಿಗ್ರಿವರೆಗೆ 600 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಸಪಾಟಾಗಿ ಇಟ್ಟೆ. 7600 ತಾನೇ 95 ಡಿಗ್ರಿವರೆಗೆ ಓಡೋಕೆ ಮಾಡಿರೋದು, ಗೇಮಲ್ಲಿ 75 ಬಂದ್ರೆ ಗಾಬರಿ ಏನಿಲ್ಲ. ಇನ್ನು ಕ್ಯಾಬಿನೆಟ್ ಫ್ಯಾನ್‌ಗಳು ಪ್ರೊಸೆಸರ್ ಟೆಂಪರೇಚರ್ ನೋಡ್ಕೊಂಡು ಓಡ್ತಿದ್ವು, ಗೇಮಲ್ಲಿ ನಿಜವಾದ ಬಿಸಿ ಇರೋದು ಕಾರ್ಡಲ್ಲಿ. ಫ್ಯಾನ್ ಕಂಟ್ರೋಲ್ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕಿ ಅವನ್ನ ಕಾರ್ಡ್ ಟೆಂಪರೇಚರ್‌ಗೆ ಕಟ್ಟಿದೆ.

ಕಾರ್ಡಿಗೆ, ಅದರ ಸೆಟ್ಟಿಂಗ್ ಬದಲಾಯಿಸೋ ಸಾಫ್ಟ್‌ವೇರ್ ಆಫ್ಟರ್‌ಬರ್ನರಲ್ಲಿ ಪವರ್ ಲಿಮಿಟ್ 80 ಪರ್ಸೆಂಟ್ ಮಾಡಿದೆ, 200 ವ್ಯಾಟ್ ಹೋಗಿ 160 ಆಯ್ತು. ನಾನು ಆಡೋ ಗೇಮಲ್ಲಿ ಸೆಕೆಂಡಿಗೆ ನೂರು ಫ್ರೇಮ್ (ಚಿತ್ರ) ಬರ್ತಿದ್ದ ಕಡೆ 95 ಬರುತ್ತೆ, ಕಣ್ಣಿಗೆ ಗೊತ್ತೇ ಆಗಲ್ಲ, ಕಾರ್ಡ್ ಫ್ಯಾನ್ ಮಾತ್ರ 1700ರಿಂದ 1200ಕ್ಕೆ ಇಳೀತು. ಮೆನು ಸ್ಕ್ರೀನಲ್ಲಿ ಮುನ್ನೂರು ನಾನೂರು ಫ್ರೇಮ್ ಓಡುವಾಗ ಸೊಳ್ಳೆ ಥರ ಚೀಂಯ್ ಅನ್ನೋ ಸದ್ದು ಬರ್ತಿತ್ತು, ಅದು ಕಾಯಿಲ್ ವೈನ್, ಕಾರ್ಡೊಳಗಿನ ಕಾಯಿಲ್ ಕರೆಂಟಿಗೆ ನಡುಗಿ ಬರೋ ಸದ್ದು, ಫ್ಯಾನಿಗೂ ಅದಕ್ಕೂ ಸಂಬಂಧ ಇಲ್ಲ. ಫ್ರೇಮ್ ಲಿಮಿಟ್ 120ಕ್ಕೆ ಹಾಕಿದ ಮೇಲೆ ಹೆಚ್ಚುಕಮ್ಮಿ ಹೋಯ್ತು. ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡೋ ಡಬ್ಬಿ) 650 ವ್ಯಾಟಿಂದು, ಕರೆಂಟ್ ಕಮ್ಮಿ ಪೋಲು ಮಾಡೋ ಗೋಲ್ಡ್ ರೇಟಿಂಗಿಂದು ತಗೊಂಡಿದ್ದಕ್ಕೂ ಸದ್ದೇ ಕಾರಣ, ಇಷ್ಟು ಲೋಡಿಗೆ ಅದರ ಫ್ಯಾನ್ ತುಂಬಾ ಹೊತ್ತು ನಿಂತೇ ಇರುತ್ತೆ.

ನಮ್ಮ ಊರಲ್ಲಿ ಏಪ್ರಿಲ್ ಮೇ ತಿಂಗಳು 40 ಡಿಗ್ರಿ, ಸೀಲಿಂಗ್ ಫ್ಯಾನ್ ಐದರಲ್ಲೇ ಇರುತ್ತೆ, ಅದರ ಸದ್ದಲ್ಲಿ ಯಾವ ಪಿಸಿನೂ ಕೇಳಿಸಲ್ಲ. ಹಂಗಾಗಿ ಬೇಸಿಗೆಲಿ ಬಿಸಿ ಟೆಸ್ಟ್ ಮಾಡಿ, ಸದ್ದನ್ನ ಡಿಸೆಂಬರಲ್ಲಿ ಸೀಲಿಂಗ್ ಫ್ಯಾನ್ ಆಫ್ ಇರೋ ರಾತ್ರಿ ಟೆಸ್ಟ್ ಮಾಡಿ. ನಾನು ಡಿಸೆಂಬರಲ್ಲಿ ಒಂದು ರಾತ್ರಿ ಎರಡು ಗಂಟೆ ಆಡ್ದೆ, ಬೆಳಿಗ್ಗೆ ಅಮ್ಮ "ನಿನ್ನೆ ಬೇಗ ಮಲಗಿದ್ಯಾ" ಅಂತ ಕೇಳಿದ್ರು.

ಧೂಳಿಂದು ಮಾತ್ರ ಬಿಡಲ್ಲ. ಅದಿರು ಲಾರಿ ಓಡಾಡೋ ಊರಲ್ವಾ, ಮುಂದಿನ ಫಿಲ್ಟರ್ ಮೂರು ವಾರಕ್ಕೆ ಕೆಂಪಗಾಗಿರುತ್ತೆ, ತೆಗೆದು ನಲ್ಲಿ ಕೆಳಗೆ ಹಿಡಿದ್ರೆ ನೀರೂ ಕೆಂಪಗೆ ಹರಿಯುತ್ತೆ. ಅದು ಕಟ್ಕೊಂಡ್ರೆ ಕಾರ್ಡ್ 5-6 ಡಿಗ್ರಿ ಏರುತ್ತೆ, ಫ್ಯಾನ್ ಮತ್ತೆ ಕೇಳಿಸೋಕೆ ಶುರುವಾಗುತ್ತೆ. ತೊಳೆದು ನೆರಳಲ್ಲಿ ಪೂರ್ತಿ ಒಣಗಿಸಿ ಹಾಕ್ತೀನಿ, ಭಾನುವಾರದ ಕೆಲಸ ಅದು ಈಗ.